ಪ್ಯಾಕಿಂಗ್ ಪ್ಲಾಸ್ಟಿಕ್‌ನ ಮೇಲಿನ ಅಂಕಿಗಳು ಮತ್ತು ಮರುಬಳಕೆ: ಯಾವುದು ಏನಾಗುತ್ತದೆ?

ಪ್ರಶ್ನೆ (ವಸತಿ ಸಮುಚ್ಚಯದ ನಿವಾಸಿ, ಮೈಸೂರು)

ನಮ್ಮ ವಸತಿ ಸಮುಚ್ಚಯದಲ್ಲಿ ಒಣ ಕಸ ಬೇರ್ಪಡಿಸುವ ಹೊಣೆಯನ್ನು ನಾವು ಕೆಲವರು ವಹಿಸಿಕೊಂಡಿದ್ದೇವೆ. ನೀರಿನ ಬಾಟಲಿ, ಹಾಲಿನ ಪ್ಯಾಕೆಟ್, ಶಾಂಪೂ ಡಬ್ಬಿಗಳನ್ನು ಗುಜರಿಯವರು ತೂಕ ಹಾಕಿ ಹಣ ಕೊಟ್ಟು ಒಯ್ಯುತ್ತಾರೆ; ಚಿಪ್ಸ್ ಪ್ಯಾಕೆಟನ್ನೂ ಹೋಟೆಲಿನಿಂದ ಊಟ ಬರುವ ಕಪ್ಪು ಡಬ್ಬಿಯನ್ನೂ ಬಿಟ್ಟುಹೋಗುತ್ತಾರೆ. ಆದರೆ ಆ ಡಬ್ಬಿಯ ತಳದಲ್ಲೂ ಬಾಣಗಳ ತ್ರಿಕೋನವಿದ್ದು, ಅದರೊಳಗೆ 5 ಎಂದು ಅಚ್ಚಾಗಿದೆ. ಗುರುತಿದ್ದ ಮೇಲೆ ಮರುಬಳಕೆಯಾಗಬೇಕಲ್ಲವೇ ಎಂದು ನಿವಾಸಿಗಳು ಕೇಳುತ್ತಾರೆ. ಈ ಅಂಕಿಗಳ ಅರ್ಥವೇನು? ಬಾಟಲಿ ಮತ್ತೆ ಬಾಟಲಿಯೇ ಆಗುತ್ತದೆಯೇ?

ಉತ್ತರ (ಪಾಲಿಮರ್ ಎಂಜಿನಿಯರ್, ಬೆಂಗಳೂರು)

ಆ ತ್ರಿಕೋನವು ವಸ್ತು ಯಾವ ಜಾತಿಯ ಪ್ಲಾಸ್ಟಿಕ್‌ನದು ಎಂಬುದನ್ನಷ್ಟೇ ಹೇಳುತ್ತದೆ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ವಿಂಗಡಿಸುವವರ ಅನುಕೂಲಕ್ಕೆಂದು 1988ರಲ್ಲಿ ಈ ಅಂಕಿಗಳನ್ನು ತಂದಿತು. ಬಾಣಗಳನ್ನು ಕಂಡು ಜನ ಅದನ್ನು ಮರುಬಳಕೆಯ ಭರವಸೆ ಎಂದು ತಿಳಿಯುತ್ತಿದ್ದುದರಿಂದ 2013ರಲ್ಲಿ ಮಾನದಂಡವನ್ನು ತಿದ್ದಿ ಬರಿಯ ತ್ರಿಕೋನವನ್ನು ಇಡಲಾಯಿತು. ಹಳೆಯ ಅಚ್ಚುಗಳು ಮಾತ್ರ ಇನ್ನೂ ಬಳಕೆಯಲ್ಲಿವೆ. 1 ಎಂದರೆ ಪೆಟ್ (ಪಾಲಿಯೆಸ್ಟರ್‌ನ ಒಂದು ಬಗೆ), 2 ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ, ಗಟ್ಟಿ ಪಾಲಿಥೀನ್), 3 ಪಿವಿಸಿ, 4 ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ, ಮೆತ್ತನೆಯ ಪಾಲಿಥೀನ್), 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್ (ಥರ್ಮೋಕೋಲ್ ಇದರದ್ದೇ), 7 ಉಳಿದದ್ದೆಲ್ಲ.

ನೀರಿನ ಬಾಟಲಿ ಪೆಟ್. ಘಟಕದಲ್ಲಿ ಅದನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಬಿಟ್ಟರೆ, ನೀರಿಗಿಂತ ಭಾರವಾದ ಪೆಟ್ ತಳಕ್ಕೆ ಇಳಿಯುತ್ತದೆ, ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್‌ನಿಂದಾದ ಮುಚ್ಚಳದ ಚೂರುಗಳು ಮೇಲೆ ತೇಲುತ್ತವೆ. ಕಷ್ಟ ಬರುವುದು ಪಿವಿಸಿಯಿಂದ, ಏಕೆಂದರೆ ಅದೂ ಪೆಟ್‌ನೊಡನೆ ಮುಳುಗುತ್ತದೆ. ಪೆಟ್ ಕರಗುವುದಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖಕ್ಕೆ ಪಿವಿಸಿ ಕರಿಕಾಗಿ, ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಟ್ಟು, ಪೆಟ್‌ನ ಉದ್ದನೆಯ ಅಣುಸರಪಳಿಗಳನ್ನೂ ತುಂಡರಿಸುತ್ತದೆ. ಬಾಟಲಿಗೆ ಪಿವಿಸಿ ಲೇಬಲ್ ಸುತ್ತುವುದನ್ನು ನಿಲ್ಲಿಸಲೇಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ನಮ್ಮ ದೇಶದಲ್ಲಿ ಬಾಟಲಿಗಳ ದೊಡ್ಡ ಪಾಲು ಪಾಲಿಯೆಸ್ಟರ್ ನಾರಾಗಿ ದಿಂಬಿನೊಳಗೂ ಬಟ್ಟೆಯಲ್ಲೂ ಸೇರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿಗೆ ಉಡುಗೊರೆಯಾಗಿ ಕೊಟ್ಟ ಜಾಕೆಟ್ ಇಂಥ ನಾರಿನದೇ. ಬಾಟಲಿ ಮತ್ತೆ ಬಾಟಲಿಯಾಗಬೇಕಾದರೆ ಮರುಸಂಸ್ಕರಣೆಯಲ್ಲಿ ಕುಗ್ಗಿದ ಅಣುಸರಪಳಿಗಳನ್ನು ಮತ್ತೆ ಉದ್ದವಾಗಿಸಲು ಪೆಟ್‌ನ ಸಣ್ಣ ಹರಳುಗಳನ್ನು ಕರಗಿಸದೆಯೇ ನಿರ್ವಾತದಲ್ಲೋ ಸಾರಜನಕದಲ್ಲೋ ಗಂಟೆಗಟ್ಟಲೆ ಕಾಯಿಸಬೇಕಾಗುತ್ತದೆ. ಆಹಾರ ತಾಗುವ ಪ್ಯಾಕಿಂಗ್‌ನಲ್ಲಿ ಮರುಬಳಕೆಯ ಪೆಟ್ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರವು 2025ರಲ್ಲಿ ನಿಯಮ ತಿದ್ದಿ ಅವಕಾಶ ಕೊಟ್ಟಿದೆ.

ಉತ್ತರ (ಒಣ ತ್ಯಾಜ್ಯ ಸಂಗ್ರಹ ಕೇಂದ್ರದ ನಿರ್ವಾಹಕಿ, ಬೆಂಗಳೂರು)

ಮೇಲಿನ ವಿವರಣೆಗೆ ಕೈಯಲ್ಲಿ ವಿಂಗಡಿಸುವವರ ಅನುಭವವನ್ನು ಸೇರಿಸುತ್ತೇನೆ. ನಮ್ಮ ಹೆಣ್ಣುಮಕ್ಕಳು ಅಂಕಿಯನ್ನು ನೋಡುವುದು ಅಪರೂಪ. ಹಿಚುಕಿದಾಗ ಬರುವ ಸದ್ದಿನಿಂದಲೇ ಜಾತಿ ಹೇಳುತ್ತಾರೆ. ಶಾಂಪೂ ಡಬ್ಬಿಯ ಎಚ್‌ಡಿಪಿಇ ಪೈಪು, ಬಕೆಟ್ಟುಗಳಾಗುತ್ತದೆ. ಬೇರೆ ಬೇರೆ ಬಣ್ಣ ಬೆರೆತರೆ ಕಪ್ಪು ಅಥವಾ ಬೂದು ಬಣ್ಣದ ಮಾಲು ಮಾತ್ರ ಸಿಗುವುದರಿಂದ ಬಿಳಿಯ ಡಬ್ಬಿಗೆ ಹೆಚ್ಚಿನ ಬೆಲೆಯಿದೆ. ನಿಮ್ಮ ಕಪ್ಪು ಡಬ್ಬಿ ಒಳ್ಳೆಯ ಪಾಲಿಪ್ರೊಪಿಲೀನೇ; ಆದರೆ ತೆಳುವಾಗಿ ತೂಗುವುದಿಲ್ಲ, ಕಪ್ಪನ್ನು ತೆಗೆಯಲು ಬರುವುದಿಲ್ಲ, ಮೇಲೆ ಸಾರಿನ ಎಣ್ಣೆ ಅಂಟಿರುತ್ತದೆ. ತೊಳೆದು ಒಣಗಿಸಿ, ಒಂದರೊಳಗೊಂದು ಜೋಡಿಸಿ, ಒಂದು ಚೀಲ ತುಂಬುವವರೆಗೆ ಕೂಡಿಟ್ಟು ಕೊಟ್ಟರೆ ಕೊಳ್ಳುವವರಿದ್ದಾರೆ.

ಹಾಲಿನ ಪ್ಯಾಕೆಟ್ಟಿನ ಬಗ್ಗೆ ನನ್ನದೊಂದು ಕಳಕಳಿಯ ವಿನಂತಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಸ್ವಲ್ಪ ಅಂಟಿಕೊಂಡಿರುವಂತೆ ಸೀಳಿ. ಉಗುರಿನಷ್ಟಿರುವ ಆ ತುಂಡುಗಳು ಯಾರ ಕೈಗೂ ಸಿಗದೆ ಹಸಿ ಕಸದೊಡನೆ ಗೊಬ್ಬರಕ್ಕೆ ಸೇರುತ್ತವೆ, ಇಲ್ಲವೇ ಚರಂಡಿಗೆ ಹೋಗುತ್ತವೆ. ಪ್ಯಾಕೆಟ್ಟನ್ನು ಮಾತ್ರ ತೊಳೆದು ಒಣಗಿಸಿದರೆ ಅದು ಕಸದ ಚೀಲ, ತೋಟದ ಪೈಪುಗಳಾಗಬಲ್ಲ ಒಳ್ಳೆಯ ಮಾಲು. ಹಾಲಿನ ಜಿಡ್ಡು ಉಳಿದರೆ ಎರಡೇ ದಿನದಲ್ಲಿ ಗೋದಾಮೆಲ್ಲ ನಾರುತ್ತದೆ.

ಮರುಪ್ರಶ್ನೆ (ವಸತಿ ಸಮುಚ್ಚಯದ ನಿವಾಸಿ, ಮೈಸೂರು)

ಇಬ್ಬರಿಗೂ ಧನ್ಯವಾದಗಳು. ಚಿಪ್ಸ್ ಪ್ಯಾಕೆಟನ್ನೂ ತೊಳೆದಿಟ್ಟರೆ ತೆಗೆದುಕೊಳ್ಳುತ್ತಾರೆಯೇ?

ಉತ್ತರ (ಪಾಲಿಮರ್ ಎಂಜಿನಿಯರ್, ಬೆಂಗಳೂರು)

ತೊಳೆದರೂ ಗುಜರಿಯವರು ಒಯ್ಯಲಾರರು. ಅದರಲ್ಲಿ ಪಾಲಿಪ್ರೊಪಿಲೀನ್ ಹಾಳೆಯ ಮೇಲೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪವಿದ್ದು, ಅನೇಕ ಪ್ಯಾಕೆಟ್ಟುಗಳಲ್ಲಿ ಬೇರೆ ಜಾತಿಯ ಪದರವೂ ಅಂಟಿರುತ್ತದೆ. ತಿನಿಸು ಮೆತ್ತಗಾಗದಂತೆ ಕಾಯುವ ಆ ಪದರಗಳನ್ನು ಬಿಡಿಸುವುದು ಲಾಭದ ಕೆಲಸವಲ್ಲ. ಸಂಗ್ರಹ ಕೇಂದ್ರದ ಮೂಲಕ ಇಂಥವು ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಬದಲು ಇಂಧನವಾಗಿ ಹೋಗುತ್ತವೆ. ಅದನ್ನು ಮರುಬಳಕೆ ಎನ್ನಲು ನಾನು ಒಪ್ಪುವುದಿಲ್ಲವಾದರೂ, ಬಯಲಿನಲ್ಲಿ ಸುಡುವುದಕ್ಕಿಂತ ಅದು ಎಷ್ಟೋ ಮೇಲು. ಆದ್ದರಿಂದ ಅವುಗಳಿಗೆ ಪ್ರತ್ಯೇಕ ಚೀಲವೊಂದನ್ನಿಟ್ಟು, ನಗರಪಾಲಿಕೆಯ ಒಣ ಕಸದ ಗಾಡಿಗೆ ಕೊಡಿ.