ಅಮ್ಮನ ಮೊಬೈಲ್ ಸಿಮ್ ಗುರುತಿಸುತ್ತಿಲ್ಲ: ಬೋರ್ಡ್ ಬದಲಿಸಲೇಬೇಕೇ?

ಪ್ರಶ್ನೆ (ಮದ್ದೂರು ತಾಲ್ಲೂಕಿನಿಂದ)

ನಮ್ಮ ತಾಯಿಯವರು ಬಳಸುತ್ತಿರುವ ಎರಡು ಸಿಮ್‌ಗಳ ಆಂಡ್ರಾಯ್ಡ್ ಮೊಬೈಲ್, ಭತ್ತದ ನಾಟಿಯ ವೇಳೆ ಮಳೆಯಲ್ಲಿ ಸ್ವಲ್ಪ ನೆನೆದ ಬಳಿಕ ಮೊದಲನೆಯ ಸಿಮ್ ಅನ್ನು ಗುರುತಿಸುತ್ತಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಸಿಗ್ನಲ್ ಬರುತ್ತದೆ. ಆದರೆ ಫೋನನ್ನು ಕೈಯಿಂದ ಕೆಳಗಿಟ್ಟ ಕೂಡಲೇ ಮತ್ತೆ ‘ನೋ ಸಿಮ್’ ಎಂದು ತೋರಿಸುತ್ತದೆ. ಎರಡನೆಯ ಸಿಮ್‌ಗೆ ಯಾವ ತೊಂದರೆಯೂ ಇಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ತೋರಿಸಿದಾಗ, ಬೋರ್ಡ್ ಹೋಗಿದೆ, ರಿಪೇರಿಗಿಂತ ಹೊಸ ಫೋನ್ ಕೊಳ್ಳುವುದೇ ಮೇಲು ಎಂದು ಹೇಳಿದರು. ಸಿಮ್ ಬಹಳ ಹಳೆಯದು, ದೊಡ್ಡ ಸಿಮ್ ಅನ್ನು ಕಟರ್‌ನಿಂದ ಕತ್ತರಿಸಿ ಚಿಕ್ಕದು ಮಾಡಿಸಿದ್ದು. ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್ ಎಲ್ಲವೂ ಆ ನಂಬರಿಗೇ ಬರುವುದರಿಂದ ಅದನ್ನು ಬಿಡುವ ಹಾಗಿಲ್ಲ. ನಿಜವಾಗಿಯೂ ಹೊಸ ಫೋನ್ ಕೊಳ್ಳಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರು)

ಹಣ ಖರ್ಚು ಮಾಡುವ ಮೊದಲು ದೋಷವಿರುವುದು ಕಾರ್ಡಿನಲ್ಲೋ, ಸ್ಲಾಟ್‌ನಲ್ಲೋ, ಫೋನಿನಲ್ಲೋ ಎಂಬುದನ್ನು ನೀವೇ ಮನೆಯಲ್ಲಿ ಪತ್ತೆ ಮಾಡಬಹುದು. ಫೋನ್ ಆಫ್ ಮಾಡಿ, ಎರಡೂ ಸಿಮ್‌ಗಳ ಜಾಗವನ್ನು ಅದಲು ಬದಲು ಮಾಡಿ ನೋಡಿ. ತೊಂದರೆ ಹಳೆಯ ಸಿಮ್‌ನ ಜೊತೆಗೇ ಎರಡನೆಯ ಸ್ಲಾಟ್‌ಗೆ ಹೋದರೆ ಕಾರ್ಡ್ ಕೆಟ್ಟಿದೆ. ಮೊದಲನೆಯ ಸ್ಲಾಟ್‌ನಲ್ಲೇ ಉಳಿದು, ಅಲ್ಲಿ ಹಾಕಿದ ಒಳ್ಳೆಯ ಸಿಮ್ ಕೂಡ ಕಾಣಿಸದೆ ಹೋದರೆ ಸ್ಲಾಟ್ ಕೆಟ್ಟಿದೆ ಎಂದು ತಿಳಿಯಬೇಕು. ಹಳೆಯ ಸಿಮ್ ಅನ್ನು ಮನೆಯವರ ಬೇರೊಂದು ಫೋನಿಗೂ ಹಾಕಿ ನೋಡಿದರೆ ಸಂದೇಹ ಉಳಿಯುವುದಿಲ್ಲ. ಎರಡನೆಯ ಸಿಮ್‌ನಿಂದ ಕರೆಗಳು ಹೋಗಿ ಬರುತ್ತಿವೆ ಎಂದ ಮೇಲೆ ಇಡೀ ಬೋರ್ಡ್ ಹೋಗಿದೆ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. *#06# ಒತ್ತಿದಾಗ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆಗಳು ಸರಿಯಾಗಿ ಬಂದರೆ ಆ ಮಾತನ್ನು ನಂಬಲು ಇನ್ನಷ್ಟು ಕಡಿಮೆ ಕಾರಣವಿದೆ. ಅಲ್ಲಿ ಬರೀ ಸೊನ್ನೆಗಳು ಬಂದರೆ ಅಥವಾ ಏನೂ ಬರದಿದ್ದರೆ ಮಾತ್ರ ಫೋನಿನ ಒಳಗಿನ ದೋಷವನ್ನು ಯೋಚಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಮೊದಲನೆಯ ಸಿಮ್ ಆಫ್ ಆಗಿಲ್ಲವೆಂಬುದನ್ನೂ ಒಮ್ಮೆ ನೋಡಿಬಿಡಿ.

ಉತ್ತರ 2 (ಮಂಡ್ಯ, ಮೊಬೈಲ್ ರಿಪೇರಿ ಕೆಲಸದವನು)

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಮಳೆಗಿಂತ ಹೆಚ್ಚಾಗಿ, ಕತ್ತರಿಸಿದ ಸಿಮ್ ಎಂಬ ಮಾತು. ಹಳೆಯ ದೊಡ್ಡ ಸಿಮ್‌ನ ದಪ್ಪ 0.76 ಮಿಲಿಮೀಟರ್, ಈಗಿನ ನ್ಯಾನೋ ಸಿಮ್‌ನ ದಪ್ಪ 0.67 ಮಿಲಿಮೀಟರ್. ಕಟರ್ ಉದ್ದ ಅಗಲಗಳನ್ನು ಕತ್ತರಿಸುತ್ತದೆಯೇ ಹೊರತು ದಪ್ಪವನ್ನು ಕಡಿಮೆ ಮಾಡುವುದಿಲ್ಲ. ಹೀಗೆ ದಪ್ಪವಾಗಿಯೇ ಉಳಿದ ಕಾರ್ಡ್ ಸ್ಲಾಟ್‌ನೊಳಗಿನ ಸ್ಪ್ರಿಂಗ್ ಪಿನ್‌ಗಳನ್ನು ಸದಾ ಒತ್ತುತ್ತಿದ್ದು, ಕ್ರಮೇಣ ಅವು ಮೇಲೇಳುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕತ್ತರಿಸಿದ್ದು ಕೂದಲೆಳೆಯಷ್ಟು ವಾರೆಯಾಗಿದ್ದರೂ ಚಿನ್ನದ ಬಣ್ಣದ ಭಾಗವು ಪಿನ್‌ಗಳಿಗೆ ನೇರವಾಗಿ ತಾಗುವುದಿಲ್ಲ. ಕೈಯಲ್ಲಿರುವಾಗ ಸಿಗ್ನಲ್ ಬಂದು, ಕೆಳಗಿಟ್ಟಾಗ ಹೋಗುವುದು ಇಂಥ ಸಡಿಲ ಸಂಪರ್ಕದ ಲಕ್ಷಣವೇ ಆಗಿದೆ.

ಮಳೆಯ ತೇವವೂ ಇದಕ್ಕೆ ಸೇರಿರಬಹುದು. ಟ್ರೇ ಹೊರತೆಗೆದು ಕಾರ್ಡಿನ ಮೇಲೆ ಹಸಿರು ಕಿಲುಬು ಕಟ್ಟಿದೆಯೇ ಎಂದು ಬೆಳಕಿನಲ್ಲಿ ನೋಡಿ. ಕಟ್ಟಿದ್ದರೆ ಮೆತ್ತನೆಯ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಗುಲಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಸ್ಲಾಟ್‌ನ ಒಳಕ್ಕೆ ಸೂಜಿ ಅಥವಾ ಪಿನ್ನು ತೂರಿಸಬೇಡಿ, ಬಗ್ಗಿದ ಒಂದು ಪಿನ್ ಸಾಕು, ಆಗ ನಿಜವಾಗಿಯೂ ಸ್ಲಾಟ್ ಬದಲಿಸಬೇಕಾಗುತ್ತದೆ. ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವ ಪದ್ಧತಿಯೂ ಬೇಡ. ಅಕ್ಕಿಯ ಹುಡಿ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಕಾರ್ಡ್ ಬಿಗಿಯಾಗಿ ಕೂರಲೆಂದು ಅದರ ಹಿಂದೆ ಟೇಪ್ ಅಂಟಿಸುವವರಿದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಬಿಸಿಗೆ ಆ ಅಂಟು ಕಿತ್ತು ಬಂದು ಟ್ರೇ ಒಳಗೇ ಸಿಕ್ಕಿಕೊಳ್ಳುತ್ತದೆ.

ಉತ್ತರ 3 (ಮೈಸೂರು, ಕುವೆಂಪುನಗರ)

ಕಾರ್ಡೇ ಕೆಟ್ಟಿದ್ದರೆ ಅದೇ ನಂಬರಿನ ಹೊಸ ಸಿಮ್ ಸಿಗುತ್ತದೆ. ಆದರೆ ಹೋಗುವ ಮೊದಲು ಎರಡು ವಿಷಯಗಳನ್ನು ಗಮನಿಸಬೇಕು. ಹಿರಿಯರ ಫೋನ್‌ಗಳಲ್ಲಿ ಹೆಸರು, ನಂಬರುಗಳು ಬಹುಪಾಲು ಸಿಮ್‌ನಲ್ಲೇ ಸೇವ್ ಆಗಿರುತ್ತವೆ, ಅವು ಹೊಸ ಸಿಮ್‌ಗೆ ತಾವಾಗಿ ಬರುವುದಿಲ್ಲ. ಹಳೆಯದು ಒಮ್ಮೆ ಕಾಣಿಸಿಕೊಂಡ ತಕ್ಷಣ ಎಲ್ಲವನ್ನೂ ಫೋನಿಗೆ ಕಾಪಿ ಮಾಡಿಕೊಳ್ಳಿ. ಇನ್ನೊಂದು, ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಕಲಿ ಸಿಮ್ ಪಡೆದು ಬೇರೆಯವರ ಒಟಿಪಿ ಕದಿಯುವುದನ್ನು ತಡೆಯಲು ಮಾಡಿರುವ ಈ ವ್ಯವಸ್ಥೆ ಒಳ್ಳೆಯದೇ, ಆದರೆ ಆ ದಿನ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ, ಸಿಮ್ ಬದಲಿಸಿದ 7 ದಿನಗಳವರೆಗೆ ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಆಗುವುದಿಲ್ಲ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ದಾಖಲೆಯೊಂದಿಗೆ ಹೋಗಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅದಲು ಬದಲು ಮಾಡಿದಾಗ ತೊಂದರೆ ಹಳೆಯ ಸಿಮ್‌ನ ಜೊತೆಗೇ ಹೋಯಿತು. ಮೊದಲನೆಯ ಸ್ಲಾಟ್‌ನಲ್ಲಿ ಇನ್ನೊಂದು ಸಿಮ್ ಚೆನ್ನಾಗಿ ನಡೆಯುತ್ತಿದೆ, ಐಎಂಇಐ ಕೂಡ ಬಂದಿತು. ನಡುವೆ ಹಳೆಯ ಸಿಮ್ ಕಾಣಿಸಿಕೊಂಡಾಗ ನಂಬರುಗಳನ್ನೆಲ್ಲ ಫೋನಿಗೆ ಇಳಿಸಿಕೊಂಡೆ. ಸಿಮ್ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಹೆಸರಿನಲ್ಲಿದೆ. ಅವನು ಅಲ್ಲಿಯೇ ಹೊಸ ಸಿಮ್ ಪಡೆದು ತರಬಹುದೇ?

ಉತ್ತರ 3 ಬರೆದವರು

ತರಬಹುದು, ಇಡೀ ಕರ್ನಾಟಕ ಒಂದೇ ಟೆಲಿಕಾಂ ವಲಯ. ಆದರೆ ಹೊಸದು ಚಾಲೂ ಆದ ಕೂಡಲೇ ಅಮ್ಮನವರ ಬಳಿಯಿರುವ ಹಳೆಯದು ನಿಂತುಹೋಗುವುದರಿಂದ, ಊರಿಗೆ ಹೊರಡುವ ದಿನವೇ ತಮ್ಮನವರು ಅದನ್ನು ಮಾಡಿಸಿಕೊಳ್ಳಲಿ. ಅಲ್ಲಿಯವರೆಗೆ ಎರಡನೆಯ ನಂಬರಿಗೆ ಕರೆ ಮಾಡುವಂತೆ ಹತ್ತಿರದವರಿಗೆಲ್ಲ ತಿಳಿಸಿಬಿಡಿ.