ಮಾವಿನ ಮರದ ಕೆಳಗೆ ಏನೋ ತಿಂದು ನಾಯಿ ವಾಂತಿ ಮಾಡ್ತಿದೆ, ಯಾವ ಮರ ಡೇಂಜರ್?

ತೋಟದಮನೆ: ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್. ಕ್ಯಾತ್ಸಂದ್ರ ಹತ್ರ ನಮ್ದು ಸಣ್ಣ ತೋಟ, ಮಾವು, ಸಪೋಟ, ಸೀತಾಫಲ, ಒಂದು ನಿಂಬೆಗಿಡ, ಬೇಲಿ ಪಕ್ಕ ಹುಣಸೆಮರ. ನಮ್ ರಾಜ ಲ್ಯಾಬ್ರಡಾರ್, ಬಾಯಿಗೆ ಸಿಕ್ಕಿದ್ದೆಲ್ಲ ನುಂಗೋ ಪಾರ್ಟಿ. ನಿನ್ನೆ ಸಂಜೆಯಿಂದ ವಾಂತಿ, ಬೆಳಿಗ್ಗೆಯಿಂದ ಭೇದಿನೂ ಶುರುವಾಗಿದೆ, ಊಟದ ತಟ್ಟೆ ಕಡೆ ತಿರುಗಿನೂ ನೋಡ್ತಿಲ್ಲ. ಮಳೆಗಾಳಿಗೆ ಮಾವಿನಹಣ್ಣು ತುಂಬಾ ಉದುರಿದೆ, ಅದೇ ತಿಂದಿರ್ಬೇಕು ಅಂತ ಎಲ್ರೂ ಹೇಳ್ತಿದ್ದಾರೆ, ನಮ್ಮತ್ತೆ ಅಂತೂ ಮರಾನೇ ಕಡಿಸ್ಬಿಡಿ ಅಂತ ಕೂತಿದ್ದಾರೆ. ಮಾವು ನಾಯಿಗೆ ವಿಷನಾ?

ಸೀಬೆಕಾಯಿ: ಉಪ್ಪುನೀರು ಕುಡಿಸಿ ಮೇಡಂ, ಎಲ್ಲಾ ಹೊರಗೆ ಬರತ್ತೆ. ನಮ್ಮ ಹಳ್ಳೀಲಿ ಅದೇ ಮಾಡೋದು.

ಗೊರಸು: ದಯವಿಟ್ಟು ಉಪ್ಪುನೀರು ಕುಡಿಸ್ಬೇಡಿ. ಉಪ್ಪು ಜಾಸ್ತಿ ಆದ್ರೆ ಅದೇ ನಾಯಿಗೆ ವಿಷ, ಮೊದ್ಲೇ ವಾಂತಿ ಮಾಡಿ ಮೈಯಲ್ಲಿ ನೀರಿಲ್ಲದಿರೋ ಪ್ರಾಣಿಗೆ ಇನ್ನೂ ಕೆಟ್ಟದ್ದು.

ಮಾವಿನಹಣ್ಣಿನ ತಿರುಳು ನಾಯಿಗೆ ಏನೂ ಮಾಡಲ್ಲ. ಭಯ ಇರೋದು ವಾಟೆದು, ಲ್ಯಾಬ್ ಜಾತಿ ಅದನ್ನ ಇಡಿಯಾಗಿ ನುಂಗತ್ತೆ, ಕರುಳಲ್ಲಿ ಸಿಕ್ಕಾಕೊಂಡ್ರೆ ಆಪರೇಷನ್ನೇ ಗತಿ. ಆಗ ಕುಡಿದ ನೀರೂ ನಿಲ್ಲಲ್ಲ, ಸಾಮಾನ್ಯವಾಗಿ ಕಕ್ಕಸಾನೂ ನಿಂತೋಗತ್ತೆ. ನಿಮ್ದಕ್ಕೆ ಭೇದಿ ಇದೆ ಅಂತೀರಾ, ಅದಕ್ಕೇ ನಂಗೆ ಬೇರೆ ಅನುಮಾನ. ಈ ಎರಡ್ಮೂರು ದಿನದಲ್ಲಿ ಮರದ ಬುಡಕ್ಕೆ ಏನಾದ್ರೂ ಹಾಕ್ಸಿದ್ರಾ? ಗೊಬ್ಬರ, ಔಷಧಿ, ಇಲಿ ಪಾಷಾಣ? ವಾಂತಿ ಭೇದೀಲಿ ರಕ್ತ ಇದ್ಯಾ ನೋಡಿ. ನೋಡ್ಕೊಂಡೇ ಡಾಕ್ಟ್ರ ಹತ್ರ ಹೊರಡಿ, ಇಲ್ಲಿ ಉತ್ತರ ಕಾಯ್ಬೇಡಿ.

ತೋಟದಮನೆ: ಹೌದು ಸಾರ್, ಕೆಲಸದವ್ರು ಮೊನ್ನೆ ಪಾತಿ ಮಾಡಿ ಹಿಂಡಿ ಹಾಕಿ ಮೇಲೆ ಮಣ್ಣು ಎಳೆದು ಹೋಗಿದ್ರು. ಈಗ ಹೋಗಿ ನೋಡಿದ್ರೆ ಎರಡು ಮರದ ಪಾತಿ ಪೂರಾ ಕೆದರಿದೆ, ಕಂದು ಬಣ್ಣದ ಹೆಂಟೆ ಆಚೆ ಬಿದ್ದಿದೆ, ಅದ್ರಲ್ಲಿ ಹಲ್ಲಿನ ಗುರುತು ಕಾಣತ್ತೆ. ಚೀಲದ ಮೇಲೆ ಬೇವಿನ ಹಿಂಡಿ, ಹರಳು ಹಿಂಡಿ, ಮೂಳೆ ಪುಡಿ ಮಿಶ್ರಣ ಅಂತಿದೆ. ಭೇದೀಲಿ ಸ್ವಲ್ಪ ಕೆಂಪು ಇದೆ.

ಗೊರಸು: ಹಾಗಾದ್ರೆ ಹರಳು ಹಿಂಡಿದೇ ಅನ್ಸತ್ತೆ. ಚೀಲ ಸಮೇತ ಹೊರಡಿ, ಹತ್ತಿರದ ಡಾಕ್ಟ್ರು ಡ್ರಿಪ್ ಹಾಕಲ್ಲ ಅಂದ್ರೆ ಸೀದಾ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ.

ಉಳಿದವ್ರಿಗೂ ಹೇಳ್ತೀನಿ. ಹರಳೆಣ್ಣೆ ತೆಗೆದ ಮೇಲೆ ರೈಸಿನ್ ಅನ್ನೋ ವಿಷ ಎಣ್ಣೆ ಜೊತೆ ಹೋಗಲ್ಲ, ಹಿಂಡೀಲೇ ಉಳಿಯತ್ತೆ. ಚೆನ್ನಾಗಿ ಬಿಸಿ ಮಾಡಿದ್ರೆ ಸಾಯತ್ತೆ, ಆದ್ರೆ ನಿಮ್ಮ ಚೀಲದ್ದು ಎಷ್ಟು ಬಿಸಿ ಕಂಡಿದೆ ಅಂತ ಯಾರಿಗ್ಗೊತ್ತು. ಅದರ ಜೊತೆ ಮೂಳೆ ಪುಡಿ ಬೇರೆ, ಆ ವಾಸನೆಗೆ ನಾಯಿ ಬಿಡತ್ತಾ! ತಿಂದ ತಕ್ಷಣ ಏನೂ ಕಾಣಲ್ಲ, ಅರ್ಧ ದಿನವೋ ಒಂದು ದಿನವೋ ಬಿಟ್ಟು ಶುರುವಾಗತ್ತೆ, ಅಷ್ಟೊತ್ತಿಗೆ ಹಿಂಡಿ ಮರೆತು ಎಲ್ರೂ ಹಣ್ಣನ್ನ ಬೈತಿರ್ತಾರೆ. ಇದಕ್ಕೆ ಪ್ರತಿವಿಷ ಅಂತ ಇಲ್ಲ, ಡ್ರಿಪ್, ವಾಂತಿ ನಿಲ್ಲೋ ಇಂಜೆಕ್ಷನ್, ಲಿವರ್ ಕಿಡ್ನಿ ಮೇಲೆ ಕಣ್ಣಿಡೋದು ಅಷ್ಟೇ.

ತೋಟದಮನೆ: ಅಪ್ಡೇಟ್. ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕಿದ್ರು, ಸ್ಕ್ಯಾನಿಂಗಲ್ಲಿ ವಾಟೆ ಗೀಟೆ ಏನಿಲ್ಲ, ಹಿಂಡಿ ಅಂತಾನೇ ಹೇಳಿದ್ರು. ಈಗ ಮನೆಗೆ ಬಂದಿದ್ದಾನೆ, ಗಂಜಿ ಕುಡೀತಿದ್ದಾನೆ. ಗೊರಸು ಸಾರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಬಾಕಿ ಮರಗಳ ಕಥೆನೂ ಹೇಳ್ಬಿಡಿ, ಅತ್ತೆ ಇನ್ನೂ ಒಪ್ಪಿಲ್ಲ.

ಗೊರಸು: ಮರ ಯಾವ್ದೂ ಕಡಿಸ್ಬೇಡಿ ತಾಯಿ. ಸಪೋಟ ಹಣ್ಣು ಪರವಾಗಿಲ್ಲ, ಬೀಜ ತೆಗೆದು ಕೊಡಿ, ಅದರ ತುದೀಲಿ ಸಣ್ಣ ಕೊಕ್ಕೆ ಇರತ್ತೆ, ಗಂಟಲಲ್ಲಿ ಕಚ್ಕೊಳ್ಳತ್ತೆ. ನಿಂಬೆ ಎಲೆ, ಸಿಪ್ಪೆ ಅಗಿದ್ರೆ ಜೊಲ್ಲು, ವಾಂತಿ ಬರ್ಬೋದು, ಆ ಕಹಿಗೆ ಹೆಚ್ಚು ತಿನ್ನಲ್ಲ ಬಿಡಿ. ಕೊಳೆತು ಹುಳಿ ಬಂದ ಹಣ್ಣಲ್ಲಿ ಆಲ್ಕೋಹಾಲ್ ಆಗಿರತ್ತೆ, ಉದುರಿದ್ದನ್ನ ದಿನಾ ಗುಡಿಸಿ ಹಾಕಿ.

ನಾನು ನಿಜವಾಗ್ಲೂ ಹೆದರೋದು ಹುಣಸೆಗೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗೆ ಕಿಡ್ನಿ ಕೈಕೊಡೋದು ಹಳೇ ವಿಷ್ಯ, ಯಾಕೆ ಅಂತ ಮಾತ್ರ ಗೊತ್ತಿರ್ಲಿಲ್ಲ. 2021ರಲ್ಲಿ ಅಮೆರಿಕದ ವೆಟ್‌ಗಳು ಟಾರ್ಟಾರಿಕ್ ಆಸಿಡ್ ಮೇಲೆ ಅನುಮಾನ ಹಾಕಿದ್ರು. ನಮ್ ಹುಣಸೆಹಣ್ಣಿನ ಹುಳಿ ಇರೋದೇ ಆ ಆಸಿಡ್‌ನಿಂದ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ಕೇಸೂ ಬಂದಿವೆ. ಸಾರನ್ನ ತಿಂದೇ ನಮ್ಮೂರ ನಾಯಿಗಳು ಬೆಳೆದಿದ್ದಾವಲ್ಲ ಅಂತ ಕೇಳ್ಬೋದು, ಸಾರಲ್ಲಿರೋದು ಚಿಟಿಕೆ ಹುಳಿ. ಹಣ್ಣು ಬಡಿದು ಚಾಪೆ ಮೇಲೆ ಒಣಗಿಸೋವಾಗ ಹಿಡಿಗಟ್ಲೆ ತಿಂದ್ರೆ ಕಥೆ ಬೇರೆ. ಆಗ ಅವನನ್ನ ಕಟ್ಟಾಕಿ.

ಕಾಫಿತೋಟ: ಕೊಡಗಿಂದ ಒಂದು ಡೌಟ್, ಬೆಣ್ಣೆಹಣ್ಣು? ನಮ್ಮಲ್ಲಿ ದಂಡಿಯಾಗಿ ಬೀಳತ್ತೆ.

ಗೊರಸು: ಅದರ ಎಲೆ ತೊಗಟೇಲಿರೋ ಪರ್ಸಿನ್ ಅನ್ನೋ ವಿಷ ಆಡು, ಕುದುರೆ, ಗಿಳಿಗಳಿಗೆ ಮಾರಿ, ನಾಯಿ ಅಷ್ಟೊಂದು ಕೆಡಲ್ಲ. ಆದ್ರೆ ಬೀಜ ನುಂಗಿದ್ರೆ ಮಾವಿನ ವಾಟೆ ಕಥೆನೇ, ಕೊಬ್ಬು ಜಾಸ್ತಿ ಇರೋದ್ರಿಂದ ಹೊಟ್ಟೆನೂ ಕೆಡತ್ತೆ. ನಿಮ್ಮಲ್ಲಿ ಅದಕ್ಕಿಂತ ಕಾಫಿ ಹಣ್ಣು ನೋಡ್ಕೊಳ್ಳಿ ಅಣ್ಣ, ಕೆಫೀನ್ ನಾಯಿ ಹೃದಯಕ್ಕೆ ಆಗಲ್ಲ.

ಸೀಬೆಕಾಯಿ: ಸೀತಾಫಲ ಬಿಟ್ರಲ್ಲ? ಬೀಜ ಅರೆದು ಹಚ್ಚಿದ್ರೆ ಉಣ್ಣಿ ಹೋಗತ್ತೆ ಅಂತಾರೆ.

ಗೊರಸು: ಹಚ್ಲೇಬೇಡಿ ಮಾರಾಯ್ರೇ. ಇಡೀ ಬೀಜ ಗಟ್ಟಿ, ಒಂದೆರಡು ನುಂಗಿದ್ರೆ ಹಂಗೇ ಆಚೆ ಬರತ್ತೆ, ಅರೆದ ಪುಡಿನೇ ವಿಷ. ತಲೆಹೇನಿಗೆ ಅಂತ ಹಚ್ಕೊಂಡು ಕಣ್ಣು ಸುಟ್ಕೊಂಡ ಮನುಷ್ಯರೇ ಇದ್ದಾರೆ, ನಾಯಿ ಅಂತೂ ಮೈ ನೆಕ್ಕತ್ತೆ. ಉಣ್ಣಿಗೆ ಡಾಕ್ಟ್ರು ಕೊಡೋ ಮಾತ್ರೆ ಹಾಕಿ.

ತೋಟದಮನೆ: ಉಳಿದ ಹಿಂಡಿ ಚೀಲ ಏನ್ಮಾಡ್ಲಿ ಸಾರ್? ಪಾತಿಗೆ ಬೇರೆ ಏನು ಹಾಕ್ಲಿ?

ಗೊರಸು: ಪಾತೀಲಿರೋದನ್ನ ಪೂರಾ ಬಗೆದು ತೆಗೆಸಿ, ಚೀಲದ ಜೊತೆ ನಾಯಿ, ಹಸು, ಕೋಳಿ ಹೋಗದ ಕಡೆ ಆಳವಾಗಿ ಗುಂಡಿ ತೋಡಿ ಮುಚ್ಚಿಸಿ, ಮೇಲೆ ಕಲ್ಲು ಹೇರಿ. ಮರಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು.