ಹಳೆಯ ಟ್ಯಾಲಿ ಬಿಟ್ಟು ಆನ್‌ಲೈನ್ ಲೆಕ್ಕಕ್ಕೆ ಹೋಗಬೇಕೇ?

ಪಂಪ್‌ಸೆಟ್_ಹುಬ್ಬಳ್ಳಿ ಕೇಳಿದ್ದು:

ನಮ್ಮದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್, ಪೈಪು, ಕೇಬಲ್, ಸ್ಟಾರ್ಟರ್‌ಗಳ ಸಗಟು ವ್ಯಾಪಾರ. ಅಂಗಡಿ ಅಪ್ಪನ ಹೆಸರಿನಲ್ಲಿದೆ, ಕಂಪನಿಯಲ್ಲ. ವಹಿವಾಟು ನಾಲ್ಕು ಕೋಟಿ ದಾಟಿದೆ, ಇನ್ನೊಂದೆರಡು ವರ್ಷದಲ್ಲಿ ಐದು ಮುಟ್ಟಬಹುದು.

ಲೆಕ್ಕವೆಲ್ಲ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಹಳೆಯ ಆವೃತ್ತಿ ಇಆರ್‌ಪಿ 9ರಲ್ಲಿದೆ. ಬರೆಯುವವರು ನಮ್ಮ ಗುಮಾಸ್ತ ಕಾಕಾ. ಅವರು ಮೌಸ್ ಮುಟ್ಟುವುದಿಲ್ಲ. ಎಫ್8 ಒತ್ತಿದರೆ ಮಾರಾಟ, ಎಫ್6 ಒತ್ತಿದರೆ ವಸೂಲಿ. ಗಿರಾಕಿ ಚಹಾ ಮುಗಿಸುವುದರೊಳಗೆ ಬಿಲ್ಲು ಕೈಯಲ್ಲಿರುತ್ತದೆ. ತೊಂದರೆ ನನ್ನದು. ವಸೂಲಿಗೆ ಗದಗ, ಕೊಪ್ಪಳ, ರಾಣೆಬೆನ್ನೂರು ಎಂದು ತಿರುಗುವಾಗ ಯಾರ ಬಾಕಿ ಎಷ್ಟು ಎಂದು ತಿಳಿಯಲು ಪ್ರತಿ ಸಲವೂ ಕಾಕಾಗೆ ಫೋನು ಮಾಡಬೇಕು. ಒಬ್ಬ ಮಾರಾಟ ಪ್ರತಿನಿಧಿ ಬಂದು ಆನ್‌ಲೈನ್ ತಂತ್ರಾಂಶ ತೋರಿಸಿದ. ಉದ್ರಿ, ದಾಸ್ತಾನು, ಜಿಎಸ್‌ಟಿ ಎಲ್ಲವೂ ಮೊಬೈಲಿನಲ್ಲಿ. ಕಾಕಾ ಒಂದೇ ಮಾತು ಹೇಳಿದರು: "ಲೆಕ್ಕ ಅಂಗಡಿಯಲ್ಲಿರಬೇಕು, ಆಕಾಶದಲ್ಲಲ್ಲ." ಬದಲಿಸಲೇ, ಬೇಡವೇ? ಅನುಭವವಿದ್ದವರು ಹೇಳಿ.

ಪೀಣ್ಯ_ಶೆಡ್:

ಬದಲಿಸಿ. ನಾವು ಆನ್‌ಲೈನ್‌ಗೆ ಹೋದ ಮೇಲೆ ಬ್ಯಾಕಪ್ ಚಿಂತೆ ಇಲ್ಲ, ಲೆಕ್ಕಪರಿಶೋಧಕರೂ ತಮ್ಮ ಕಚೇರಿಯಿಂದಲೇ ನೋಡುತ್ತಾರೆ. ಒಬ್ಬ ಗುಮಾಸ್ತರ ಅಭ್ಯಾಸಕ್ಕಾಗಿ ಇಡೀ ವ್ಯಾಪಾರ ಹಿಂದೆ ಉಳಿಯಬೇಕೇ?

ಮಂಡಿಪೇಟೆ_ಲೆಕ್ಕ (ದಾವಣಗೆರೆ):

ಪೀಣ್ಯದವರ ಮಾತು ಅವರಿಗೆ ಸರಿ. ಅವರದು ಹತ್ತಾರು ಗಿರಾಕಿಗಳ ಕಾರ್ಖಾನೆ. ಉದ್ರಿಯ ಮೇಲೆ ನಿಂತ ಪಂಪ್‌ಸೆಟ್ ಅಂಗಡಿಯ ಕಥೆ ಬೇರೆ.

ನಾನು ಡಾಸ್ ಕಾಲದಿಂದ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಕೆಂಪು ಬಟ್ಟೆಯ ಕಿರ್ದಿ, ಖಾತೆ ಪುಸ್ತಕಗಳು ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಇಟ್ಟುಕೊಂಡು ಎರಡರಲ್ಲೂ ಬರೆದ ಕಾಲ ಅದು. ಬ್ಯಾಕಪ್ ಫ್ಲಾಪಿಯಲ್ಲಿ, ಫ್ಲಾಪಿ ಗಲ್ಲಾಪೆಟ್ಟಿಗೆಯಲ್ಲಿ. ಮೊದಮೊದಲ ತಂತ್ರಾಂಶಗಳಲ್ಲಿ ಪ್ರತಿ ಗಿರಾಕಿಗೂ ಒಂದು ಕೋಡ್ ಸಂಖ್ಯೆ ಕೊಡಬೇಕಿತ್ತು. ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಕೂರುತ್ತಿದ್ದೆವು. ಬೆಂಗಳೂರಿನಲ್ಲಿ 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ ಈ ಕೋಡುಗಳನ್ನು ಕಿತ್ತುಹಾಕಿತು. ಗಿರಣಿಗಳಿಗೆ ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಬರೆದುಕೊಟ್ಟರು. ಅದೇ ಮುಂದೆ ಟ್ಯಾಲಿ ಆಯಿತು. ಹೆಸರಿನ ಮೊದಲಕ್ಷರಗಳನ್ನು ಒತ್ತಿದರೆ ಖಾತೆ ಎದುರಿಗೆ ಬರುತ್ತಿತ್ತು. ಗುಮಾಸ್ತರು ಕಂಪ್ಯೂಟರನ್ನು ಒಪ್ಪಿಕೊಂಡದ್ದು ಅಲ್ಲಿಂದ. ನಿಮ್ಮ ಕಾಕಾ ಆ ಪೀಳಿಗೆಯವರೇ ಇರಬೇಕು.

ಅದಾದ ಮೇಲೆ ಪರದೆ ಚೆನ್ನಾಗಿದೆ ಎಂದು ತಂತ್ರಾಂಶ ಬದಲಿಸಿದ ಅಂಗಡಿಯವನನ್ನು ನಾನು ಕಂಡಿಲ್ಲ. ಬದಲಿಸಿದ್ದೆಲ್ಲ ತೆರಿಗೆಯ ದೆಸೆಯಿಂದ. ಹಳೆಯ ಮಾರಾಟ ತೆರಿಗೆಯಲ್ಲಿ ಬಹುತೇಕ ಸರಕಿಗೆ ರಾಜ್ಯದೊಳಗಿನ ಮೊದಲ ಮಾರಾಟಗಾರನೇ ತೆರಿಗೆ ಕಟ್ಟಿ ಮುಗಿಸುತ್ತಿದ್ದ. ಮುಂದಿನವನಿಗೆ ಖರೀದಿ ಪುಸ್ತಕದ ಹಂಗು ಅಷ್ಟಿರಲಿಲ್ಲ. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯಬಹುದು ಎಂದಾದೊಡನೆ ಖರೀದಿ ಬಿಲ್ಲಿನ ಒಂದೊಂದು ಸಾಲಿಗೂ ಬೆಲೆ ಬಂತು, ಕಂಪ್ಯೂಟರ್ ಬೇಡವೆನ್ನುತ್ತಿದ್ದವರೂ ಕೊಂಡರು. 2017ರ ಜುಲೈ 1ರಂದು ಜಿಎಸ್‌ಟಿ. 2022ರ ಜನವರಿಯಿಂದ ಇನ್ನೂ ಬಿಗಿ: ನಿಮಗೆ ಸರಕು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಬಿಲ್ಲು ತೋರಿಸಿ, ಅದು ಜಿಎಸ್‌ಟಿ ಪೋರ್ಟಲ್ ಕೊಡುವ ನಿಮ್ಮ ಖರೀದಿ ಪಟ್ಟಿಯಾದ 2ಬಿಯಲ್ಲಿ ಕಾಣಿಸಿಕೊಂಡರೆ ಮಾತ್ರ ತೆರಿಗೆ ಜಮಾ ಸಿಗುತ್ತದೆ. ಅಲ್ಲಿಯವರೆಗೆ ಲೆಕ್ಕ ನಮ್ಮ ಮನೆಯ ವಿಷಯವಾಗಿತ್ತು. ಈಗ ಎದುರಿನವನ ಲೆಕ್ಕದ ಜೊತೆ ತಾಳೆಯಾಗದಿದ್ದರೆ ನಮ್ಮ ದುಡ್ಡು ನಿಂತುಹೋಗುತ್ತದೆ.

ನಿಮ್ಮದೇ ಸರಕಿನ ಉದಾಹರಣೆ ಕೊಡುತ್ತೇನೆ. ನೀರೆತ್ತುವ ಪಂಪಿನ ಜಿಎಸ್‌ಟಿ 2022ರ ಜುಲೈ 18ರಂದು ಶೇ 12ರಿಂದ 18ಕ್ಕೆ ಏರಿತು. ಜೂನ್‌ನಲ್ಲಿ ಮಾರಿದ ಸಬ್‌ಮರ್ಸಿಬಲ್ ಪಂಪು ಆಗಸ್ಟ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ 12ರಲ್ಲೇ ಆಗಬೇಕು, ಅದೇ ದಿನ ಮಾರುವ ಹೊಸ ಪಂಪಿಗೆ 18 ಹಾಕಬೇಕು. ಟ್ಯಾಲಿಯಲ್ಲಿ ದರದ ಜೊತೆ ಯಾವ ತಾರೀಖಿನಿಂದ ಎಂದು ನಮೂದಿಸಲು ಜಾಗವಿದೆ. ಆನ್‌ಲೈನ್ ತಂತ್ರಾಂಶ ತೋರಿಸಲು ಬಂದವನಿಗೆ ಈ ಒಂದು ಬಿಲ್ಲು, ಒಂದು ವಾಪಸಾತಿ ಮಾಡಿ ತೋರಿಸಲು ಹೇಳಿ. ತಡವರಿಸಿದರೆ ಚಹಾ ಕುಡಿಸಿ ಕಳುಹಿಸಿ.

ಇನ್ನು ನಿಮ್ಮ ಪ್ರಶ್ನೆ. ಯಾವುದಾದರೂ ಒಂದು ವರ್ಷ ವಹಿವಾಟು ಐದು ಕೋಟಿ ಮೀರಿತೆಂದರೆ ಮುಂದಿನ ವರ್ಷದಿಂದ ಜಿಎಸ್‌ಟಿ ನೋಂದಣಿ ಇರುವ ಗಿರಾಕಿಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯ. 2020ರ ಅಕ್ಟೋಬರಿನಲ್ಲಿ 500 ಕೋಟಿಯವರಿಂದ ಶುರುವಾದದ್ದು 2023ರ ಆಗಸ್ಟ್‌ನಲ್ಲಿ ಐದು ಕೋಟಿಗೆ ಇಳಿಯಿತು. ಬಿಲ್ಲು ಸರ್ಕಾರದ ಪೋರ್ಟಲ್‌ಗೆ ಹೋಗಿ, ಬಿಲ್ಲಿನ ಗುರುತಾದ ಐಆರ್‌ಎನ್ ಸಂಖ್ಯೆ, ಕ್ಯೂಆರ್ ಕೋಡ್ ಪಡೆದು ಬರಬೇಕು. ಹಾಗಾಗಿ ಹಳೆಯ ಆವೃತ್ತಿ ಬಿಡುವುದು ಖಂಡಿತ. ಆದರೆ ಟ್ಯಾಲಿ ಬಿಟ್ಟೇ ಹೋಗಬೇಕೆಂದಿಲ್ಲ. 2020ರ ಕೊನೆಗೆ ಬಂದ ಟ್ಯಾಲಿಯ ಹೊಸ ಆವೃತ್ತಿ ಪ್ರೈಮ್‌ನಲ್ಲಿ ಎಫ್8, ಎಫ್6 ಇದ್ದಲ್ಲೇ ಇವೆ. ಕ್ರೆಡಿಟ್ ನೋಟ್ ಮಾತ್ರ ಕಂಟ್ರೋಲ್ ಎಫ್8ರಿಂದ ಆಲ್ಟ್ ಎಫ್6ಕ್ಕೆ ಹೋಗಿದೆ. ಕಾಕಾ ನಾಲ್ಕು ದಿನ ಗೊಣಗುತ್ತಾರೆ, ಅಷ್ಟೇ. ಅಂಗಡಿಯ ಕಂಪ್ಯೂಟರ್ ಚಾಲೂ ಇದ್ದು, ಟ್ಯಾಲಿಯ ನವೀಕರಣ ಸೇವೆಯಾದ ಟಿಎಸ್‌ಎಸ್ ಚಂದಾ ಜಾರಿಯಲ್ಲಿದ್ದರೆ ಬಾಕಿ ಪಟ್ಟಿಯನ್ನು ಮೊಬೈಲ್ ಬ್ರೌಸರಿನಲ್ಲೂ ನೋಡಬಹುದು.

ಒಂದು ಅನುಮಾನ. ಕಾಕಾ ವಸೂಲಿ ಬರೆಯುವಾಗ ಯಾವ ಬಿಲ್ಲಿಗೆ ಬಂದ ದುಡ್ಡು ಎಂದು ತೋರಿಸುತ್ತಾರೋ, ಇಲ್ಲ ಎಲ್ಲವನ್ನೂ "ಆನ್ ಅಕೌಂಟ್" ಎಂದು ತಳ್ಳುತ್ತಾರೋ ನೋಡಿ ಹೇಳಿ.

ಪಂಪ್‌ಸೆಟ್_ಹುಬ್ಬಳ್ಳಿ:

ಸರ್, ನೋಡಿದೆ. ಹೆಚ್ಚಿನವು ಆನ್ ಅಕೌಂಟ್ ಆಗಿವೆ. ಬೋರ್‌ವೆಲ್ ಕೊರೆಸುವ ಒಬ್ಬ ಗಿರಾಕಿಯ ಖಾತೆಯಲ್ಲಿ ಬಾಕಿ 38,000 ರೂಪಾಯಿ. ಬಿಲ್ಲುವಾರು ನೋಡಿದರೆ 2,10,000 ರೂಪಾಯಿಯ ಹಳೆಯ ಬಿಲ್ಲುಗಳು ತೆರೆದೇ ಇವೆ. ಕೆಳಗೆ 1,72,000 ಯಾವ ಬಿಲ್ಲಿಗೂ ಸೇರದೆ ಕೂತಿದೆ. ಕಾಕಾಗೆ ಕೇಳಿದರೆ, ಯಾವ ಬಿಲ್ಲು ಯಾವುದೆಂದು ತಮಗೆ ತಲೆಯಲ್ಲಿದೆ ಎನ್ನುತ್ತಾರೆ.

ಬೆಳಗಾವಿ_ಆಡಿಟ್:

ಕಾಕಾ ತಲೆಯಲ್ಲಿ ಇದ್ದರೆ ಸಾಲದು, ವಿಶೇಷವಾಗಿ ಖರೀದಿಯ ಕಡೆ. ನೀವು ಕೊಯಮತ್ತೂರು, ರಾಜಕೋಟ್ ಕಡೆಯ ಸಣ್ಣ ತಯಾರಕರಿಂದ ಸರಕು ತರಿಸುತ್ತಿರಬೇಕು. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಒಪ್ಪಂದವಿಲ್ಲದಿದ್ದರೆ 15 ದಿನ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿದ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಆ ವರ್ಷದ ಖರ್ಚಾಗಿ ಒಪ್ಪುವುದಿಲ್ಲ. ಕೊಟ್ಟ ವರ್ಷದಲ್ಲಿ ಮಾತ್ರ ಸಿಗುತ್ತದೆ. 2023-24ರ ಸಾಲಿನಿಂದ ಹೀಗೆ. ಬಿಲ್ಲುವಾರು ಲೆಕ್ಕವಿಲ್ಲದೆ ಮಾರ್ಚ್‌ನಲ್ಲಿ ಈ ಪಟ್ಟಿ ತೆಗೆಯುವುದು ಪ್ರಾಣಸಂಕಟ.

ಅಪ್ಪನ ಹೆಸರಿನ ಅಂಗಡಿಯಾದ್ದರಿಂದ, ತಿದ್ದಿದ್ದೆಲ್ಲವೂ ದಾಖಲಾಗಬೇಕೆಂಬ 2023ರ ಏಪ್ರಿಲ್‌ನ ನಿಯಮ ನಿಮಗಿಲ್ಲ, ಅದು ಕಂಪನಿಗಳಿಗೆ. ಮುಂದೆ ಪ್ರೈವೇಟ್ ಲಿಮಿಟೆಡ್ ಮಾಡಿದರೆ ತಪ್ಪದು.

ಮಂಡಿಪೇಟೆ_ಲೆಕ್ಕ (ದಾವಣಗೆರೆ):

ಹಾಗಾದರೆ ಈಗ ಯಾವ ತಂತ್ರಾಂಶ ತಂದರೂ ನಿಮ್ಮ ಮೊಬೈಲಿನಲ್ಲಿ ಕಾಣುವುದು ಇದೇ ಕಲಸುಮೇಲೋಗರ. ಗದಗಿನಲ್ಲಿ ನಿಂತು "ಎರಡು ಲಕ್ಷ ಹಳೆಯ ಬಾಕಿ" ಎಂದು ಕೇಳಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ನ್ಯಾಯವೂ ಅವನ ಕಡೆಗೇ ಇರುತ್ತದೆ. ಮೊದಲು ಕಾಕಾ ಪಕ್ಕದಲ್ಲಿ ಕೂತು, ದೊಡ್ಡ ಬಾಕಿದಾರರಿಂದ ಶುರುಮಾಡಿ, ವಸೂಲಿಯನ್ನು ಬಿಲ್ಲಿಗೆ ಜೋಡಿಸಿ. ಅವರ ತಲೆಯಲ್ಲಿರುವುದನ್ನು ಅವರಿರುವಾಗಲೇ ಇಳಿಸಿಕೊಳ್ಳಬೇಕು. ಆಮೇಲೆ ಏಪ್ರಿಲ್ 1ರಿಂದ ಹೊಸದು. ಮುಂದೆ ಆನ್‌ಲೈನ್‌ಗೆ ಹೋಗುವುದಾದರೂ ಆರಂಭ ಶಿಲ್ಕನ್ನು ಒಟ್ಟು ಮೊತ್ತವಾಗಿ ಅಲ್ಲ, ಬಿಲ್ಲುವಾರು ಒಯ್ಯಿರಿ.

ಪಂಪ್‌ಸೆಟ್_ಹುಬ್ಬಳ್ಳಿ:

ಕಾಕಾ ಒಪ್ಪಿದ್ದಾರೆ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಕೂರೋಣ ಎಂದರು. ಕೊನೆಯದೊಂದು: ಟಿಎಸ್‌ಎಸ್ ಮುಗಿದು ಬಹಳ ಕಾಲವಾಗಿದೆ. ಪ್ರೈಮ್‌ಗೆ ಹೊಸ ಪರವಾನಗಿ ಕೊಳ್ಳಬೇಕೇ?

ಮಂಡಿಪೇಟೆ_ಲೆಕ್ಕ (ದಾವಣಗೆರೆ):

ಬೇಡ. ಸ್ವಂತ ಪರವಾನಗಿ ಇದ್ದರೆ ಟಿಎಸ್‌ಎಸ್ ನವೀಕರಿಸಿ, ಪ್ರೈಮ್ ಅದರಲ್ಲೇ ಬರುತ್ತದೆ. ಆದರೆ ಹೊಸ ಆವೃತ್ತಿಗೆ ಹೊಂದಿಸಿದ ಲೆಕ್ಕವನ್ನು ಹಳೆಯದು ತೆರೆಯುವುದಿಲ್ಲ. ಮೊದಲೇ ಇಡೀ ಡೇಟಾ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಮನೆಯಲ್ಲಿಡಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು, ಹಾಗಾಗಿ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಅವಸರ ಮಾಡಬೇಡಿ.